ನಮ್ಮ ಮನೆ ಕೋವಿ ಹುಟ್ಟಿದ ವರ್ಷ

ಕಂತು 1: ಅಣ್ಣ ಕಳಿಸಿದ ಫೋಟೊ

ಆಸ್ಪತ್ರೆಯ ಕಥೆ ಬರೆಯುವವಳು ಈ ಸಲ ಕೋವಿಯ ಕಥೆ ಬರೆಯಲು ಕೂತಿದ್ದೇನೆ. ಮನೆಯವರಿಗೆ ಅರ್ಧ ಗೊತ್ತಿರುವ ವಿಷಯ, ಊರಿನ ಗೆಳತಿಯರಿಗೆ ಹೊಸದು. ಐದು ಕಂತಿನಲ್ಲಿ ಮುಗಿಸುತ್ತೇನೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಐನ್‌ಮನೆಯ ಕೋವಿಯನ್ನು ಅಣ್ಣನ ಹೆಸರಿಗೆ ಮಾಡಿಸಬೇಕಿತ್ತು. ಅರ್ಜಿಯಲ್ಲಿ ಕಂಪನಿ, ಬೋರು, ನಂಬರು ಬರೆಯಬೇಕು. ಹಳೇ ಕಾಗದದಲ್ಲಿದ್ದ ನಂಬರಿನ ಕೊನೆಯ ಅಂಕೆ 8. ಕೋವಿಯ ಮೇಲೆ ನೋಡಿದರೆ 8 ಅಂತಲೂ ಓದಬಹುದು, 3 ಅಂತಲೂ ಓದಬಹುದು. ವರ್ಷಾ ವರ್ಷ ಕೈಲ್‌ಮುಹೂರ್ತಕ್ಕೆ ಮೊದಲು ಕೋವಿ ಇಳಿಸಿ, ಹುಣಸೆಹುಳಿ, ಬೂದಿ, ಆಮೇಲಾಮೇಲೆ ಉಪ್ಪುಕಾಗದ ಹಾಕಿ ಫಳಫಳ ಅನ್ನಿಸುತ್ತಿದ್ದೆವಲ್ಲ, ಆ ಭಕ್ತಿಯಲ್ಲಿ ಅಂಕೆ ಅರ್ಧ ಸವೆದಿದೆ. ಚಿಕ್ಕವಳಿದ್ದಾಗ ನಾನೂ ಉಜ್ಜಿದ್ದೇನೆ. ಪಾಪದಲ್ಲಿ ನನ್ನ ಪಾಲೂ ಇದೆ.

ಅಣ್ಣ ನಾಲ್ಕು ಫೋಟೊ ಕಳಿಸಿ, "ನೀನು ಅಮೆರಿಕದಲ್ಲಿದ್ದೀಯ, ಅಲ್ಲಿ ಕೋವಿ ಗೊತ್ತಿರುವವರು ಬೇಕಾದಷ್ಟು ಇರ್ತಾರೆ, ಕೇಳಿ ಹೇಳು. ಯಾವ ಮಾಡೆಲ್, ಯಾವ ವರ್ಷದ್ದು ಅಂತಲೂ ತಿಳ್ಕೊ" ಅಂದ. ಕೇಳಿದ್ದು ನಂಬರು. ಆದರೆ ವರ್ಷದ ಹಿಂದೆ ಒಂದು ಜಗಳ ಇದೆ ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಮ್ಮ ಮನೆಯ ಕಥೆ ಹೀಗೆ. ದೆಹಲಿ ದರ್ಬಾರಿನ ವರ್ಷ, ಅಂದರೆ 1911ರಲ್ಲಿ, ತೋಟದ ಬಿಳಿ ದೊರೆಯೊಬ್ಬನನ್ನು ನಮ್ಮ ಮುತ್ತಜ್ಜ ಹುಲಿಯಿಂದ ಉಳಿಸಿದರು. ದೊರೆ ಖುಷಿಯಾಗಿ ಕೈಯಲ್ಲಿದ್ದ ಕೋವಿಯನ್ನೇ ಕೊಟ್ಟ. ಹಾಗಾಗಿ ಕೋವಿ ಮುತ್ತಜ್ಜನ ಸ್ವಂತದ್ದು, ಅವರ ಮಕ್ಕಳ ಪಾಲಿನದ್ದು, ಅಂದರೆ ನಮ್ಮದು. ಮುತ್ತಜ್ಜನ ತಮ್ಮನ ಸಂತತಿಯಾದ ಕೆಳಗಿನ ಮನೆಯವರ ಮಾತು ಬೇರೆ. ಕೋವಿ ಇಡೀ ಕುಟುಂಬದ್ದು, ಹಿರಿಯರು ಅಂತ ನಿಮ್ಮ ಮನೆಯಲ್ಲಿ ಇಟ್ಟಿದ್ದಷ್ಟೆ ಅಂತ ಅವರು ಹೇಳುತ್ತಾರೆ. ಹುತ್ತರಿಯ ದಿನ ಕದಿರು ತೆಗೆಯುವಾಗ ಈಡು ಯಾರು ಹೊಡೆಯಬೇಕು ಎಂಬಲ್ಲಿಂದ ಶುರುವಾದ ಮಾತು ಎಷ್ಟು ಸಲ ಊಟ ಕೆಡಿಸಿದೆ ಅಂತ ನಿಮಗೆಲ್ಲ ನೆನಪಿರಬಹುದು.

ನನ್ನ ಡ್ಯೂಟಿಯಲ್ಲಿ ಒಂದು ನಿಯಮ ಇದೆ. ರೋಗಿಗೆ ಮಾತ್ರೆ ಕೊಡುವ ಮೊದಲು, ರಕ್ತ ಏರಿಸುವ ಮೊದಲು ಕಡಿಮೆಯೆಂದರೆ ಎರಡು ಗುರುತು ಕೇಳಬೇಕು: ಹೆಸರು ಮತ್ತು ಹುಟ್ಟಿದ ದಿನ. ಮುಖ ಗೊತ್ತಿದೆ, ನಿನ್ನೆಯೂ ನೋಡಿದ್ದೇನೆ ಅಂದರೆ ಸಾಲದು. ಕೋವಿಯನ್ನೂ ಹಾಗೇ ವಿಚಾರಿಸೋಣ ಅಂತ ಹೊರಟೆ.

ಕಂತು 2: ಕೋವಿ ನಮ್ಮ ಮನೆಯಲ್ಲಿ ಇರುವುದೇ ಹೇಗೆ

ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ನಮ್ಮೂರಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು ಅಂದಾಗ ನಂಬಿಕೆ ಬರಲಿಲ್ಲ. ಇಂಡಿಯಾ ಅಂದರೆ ಗಾಂಧಿ ಅಂತ ಇವರ ಲೆಕ್ಕ. ಊರಿನ ಮಕ್ಕಳಿಗೂ ಇದರ ಇತಿಹಾಸ ಪೂರ್ತಿ ಗೊತ್ತಿರಲಿಕ್ಕಿಲ್ಲ ಅಂತ ಸ್ವಲ್ಪ ಬರೆಯುತ್ತೇನೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ತೆಗೆದುಕೊಂಡಿತು. 1857ರ ದಂಗೆಯಾದ ಮೇಲೆ ದೇಶದಲ್ಲೆಲ್ಲ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ಕೊಡಗಿಗೆ ಮಾತ್ರ ಅದರಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ. ಆಗ ಮೈಸೂರು ಮತ್ತು ಕೊಡಗು ಎರಡನ್ನೂ ನೋಡಿಕೊಳ್ಳುತ್ತಿದ್ದವರು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನ ಕಬ್ಬನ್. ಅದೇ ವರ್ಷ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಟವರು ಏಪ್ರಿಲ್‌ನಲ್ಲಿ ದಾರಿ ಮಧ್ಯೆ ಸೂಯೆಜ್‌ನಲ್ಲಿ ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ ಬಂದಾಗಲೂ ವಿನಾಯಿತಿ ಉಳಿಯಿತು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅಂತ ಅದರ ಮಾತು. ನಮ್ಮಂಥ ಗೌಡ ಮನೆಯವರಿಗೆ ಕೋವಿ ಬಂದಿದ್ದು ಜಮ್ಮಾ ಭೂಮಿಯ ದಾರಿಯಲ್ಲಿ. 2019ರಲ್ಲಿ ಕೇಂದ್ರ ಗೃಹ ಇಲಾಖೆ ಇದನ್ನು 2029ರವರೆಗೆ ಮುಂದುವರಿಸಿತು. ಇದು ಸರಿಯಲ್ಲ ಅಂತ ಹೈಕೋರ್ಟಿಗೆ ಹೋದ ಅರ್ಜಿ 2021ರಲ್ಲಿ ಬಿದ್ದುಹೋಯಿತು.

ಆದರೆ ವಿನಾಯಿತಿ ಅಂದರೆ ಲೆಕ್ಕ ಇಲ್ಲ ಅಂತಲ್ಲ. ಯಾವ ಕೋವಿ, ಯಾರ ಮನೆಯಲ್ಲಿದೆ ಎಂಬುದು ಕಾಗದದಲ್ಲಿ ಇರಬೇಕು. ಅದೇ ಕಾಯ್ದೆಯ 8ನೇ ಕಲಮು ಕೋವಿಯ ಮೇಲಿನ ಹೆಸರು, ನಂಬರು, ಗುರುತು ಅಳಿಸುವುದು, ತಿದ್ದುವುದು ಅಪರಾಧ ಅನ್ನುತ್ತದೆ. ಉಪ್ಪುಕಾಗದ ಹಿಡಿಯುವವರು ಇದನ್ನು ಎರಡು ಸಲ ಓದಿ.

ನಂಬರಿನ ಶಕ್ತಿ ಎಷ್ಟು ಅಂತ ತೋರಿಸುವ ಒಂದು ಹಳೆಯ ಘಟನೆ ಇದೆ. 1914ರ ಆಗಸ್ಟ್ 26ರಂದು ಕಲ್ಕತ್ತದಲ್ಲಿ ರೋಡಾ ಕಂಪನಿಯೆಂಬ ಕೋವಿ ವ್ಯಾಪಾರಿಗಳ ಮಾಲಿನಿಂದ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು, 46,000 ತೋಟೆ ಹಾರಿಸಿಕೊಂಡು ಹೋದರು. ಎತ್ತಿನ ಗಾಡಿಯಲ್ಲಿ, ಹಾಡುಹಗಲಲ್ಲಿ! ಆದರೆ ಪ್ರತಿ ಪಿಸ್ತೂಲಿನ ನಂಬರೂ ಕಂಪನಿಯ ಪುಸ್ತಕದಲ್ಲಿತ್ತು. ಆಮೇಲೆ ಬಂಗಾಳದಲ್ಲಿ ಎಲ್ಲಿ ಮೌಸರ್ ಸಿಕ್ಕಿದರೂ ಪೊಲೀಸರು ನಂಬರು ನೋಡಿ ಇದು ಆ 50ರಲ್ಲಿ ಒಂದು ಹೌದೋ ಅಲ್ಲವೋ ಅಂತ ಹೇಳುವಂತಾಯಿತು. ಕೋವಿ ಬಾಯಿ ಬಿಡುವುದಿಲ್ಲ, ಪುಸ್ತಕ ಬಿಡುತ್ತದೆ.

ನಮ್ಮ ಕೋವಿ ಬೇಟೆಯ ಕೋವಿಯೇ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಬೇಟೆಯ ಕೆಲಸ ಮುಗಿಯಿತು. ನಾನು ಕಂಡಂತೆ ಅದಕ್ಕೆ ಉಳಿದಿದ್ದು ಕೈಲ್‌ಮುಹೂರ್ತದಲ್ಲಿ ಹೂ ಮುಡಿಯುವುದು, ತೆಂಗಿನಕಾಯಿಗೆ ಗುರಿ, ಹುತ್ತರಿಯ ಈಡು, ಮತ್ತೆ ಸಾವಿನ ಮನೆಯ ಎರಡು ಈಡು. ದೊಡ್ಡಪ್ಪನಿಗೆ ಹೊಡೆದ ಆ ಎರಡು ಈಡನ್ನು ನಾನು ಫೋನಿನಲ್ಲಿ ಕೇಳಿದೆ. ಇಲ್ಲಿ ಆಗ ರಾತ್ರಿ. ಪಕ್ಕದ ಮನೆಯವರಿಗೆ ಕೇಳಿಸೀತು ಅಂತ ಸೌಂಡ್ ಕಡಿಮೆ ಮಾಡಿದ್ದು ನೆನಪಿದೆ. ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಕಂತು 3: ಸ್ಯಾನ್ ಹೋಸೆಯ ಪಾಠ

ನಮ್ಮ ವಾರ್ಡಿನ ಒಬ್ಬ ಗೆಳತಿ, ಇಲ್ಲಿಯವಳೇ, ನಾಲ್ಕು ತಲೆಮಾರಿನಿಂದ ಕ್ಯಾಲಿಫೋರ್ನಿಯಾದವಳು. ಅವಳನ್ನು ಕೇಳಿದೆ. "ನನ್ನ ಹತ್ತಿರವೂ ಅಜ್ಜನ ಜಿಂಕೆ ಬೇಟೆಯ ರೈಫಲ್ ಇದೆ, ಅದರ ವರ್ಷವೂ ನೋಡಬೇಕು, ಬಾ" ಅಂದಳು. ಹೀಗೆ ಇಬ್ಬರು ನರ್ಸುಗಳು ರಜೆಯ ದಿನ ಒಂದು ಕೋವಿ ಮುಂದಿಟ್ಟುಕೊಂಡು ಕೂತೆವು. ಮೊದಲು ಮಾಡಿದ್ದು ತೋಟೆ ಇಲ್ಲ ಅಂತ ಖಾತರಿ ಮಾಡಿಕೊಂಡಿದ್ದು. ಅವಳು ನೋಡಿದಳು, ನಾನು ನೋಡಿದೆ, ಮತ್ತೆ ಅವಳು ನೋಡಿದಳು.

ಅದು ವಿಂಚೆಸ್ಟರ್. ಕೌಬಾಯ್ ಸಿನಿಮಾದಲ್ಲಿ ಕುದುರೆಯ ಮೇಲೆ ಕೂತು ಕೆಳಗಿನ ಸನ್ನೆಗೋಲನ್ನು ಟಕ್ ಟಕ್ ಅಂತ ಎಳೆಯುತ್ತಾರಲ್ಲ, ಆ ಜಾತಿಯದು. ಆಲಿವರ್ ವಿಂಚೆಸ್ಟರ್ ಎಂಬ ಅಂಗಿ ತಯಾರಿಸುವವನು ನ್ಯೂ ಹೇವನ್ ಊರಿನಲ್ಲಿ 1866ರಲ್ಲಿ ಕಟ್ಟಿದ ಕಂಪನಿ. ಅವರ ಕೋವಿಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾಡೆಲ್. ಅದನ್ನು 70 ಲಕ್ಷಕ್ಕೂ ಮೇಲೆ ಮಾಡಿದ್ದಾರೆ.

ಇಲ್ಲಿ ನಾನು ಕಲಿತ ಮೊದಲ ಪಾಠ: ಮಾಡೆಲ್‌ನ ಹೆಸರಿನಲ್ಲಿರುವ ವರ್ಷ ಕೋವಿಯ ವರ್ಷ ಅಲ್ಲ. 1894 ಅಂತ ಬರೆದಿದ್ದರೆ ಆ ನಮೂನೆ ಶುರುವಾದ ವರ್ಷ ಅದು. ಹಾಗೇ ನಳಿಗೆಯ ಮೇಲೆ ಪೇಟೆಂಟ್ ಅಂತ ಕೆತ್ತಿರುವ ತಾರೀಖೂ ಕೋವಿ ಹುಟ್ಟಿದ ತಾರೀಖಲ್ಲ, ಯಾರೋ ಒಂದು ಯುಕ್ತಿ ಕಂಡುಹಿಡಿದು ನೋಂದಾಯಿಸಿದ ತಾರೀಖು. ಹಳೆಯ ಕೋವಿಗಳ ವಯಸ್ಸು ಹೆಚ್ಚಾಗಿ ತಪ್ಪುವುದು ಇಲ್ಲೇ.

ಎರಡನೇ ಪಾಠ: ಬರಹದ ರೀತಿಯೇ ಕಾಲ ಹೇಳುತ್ತದೆ. ಈ ಮಾಡೆಲ್‌ನ ಹಳೆಯ ಕೋವಿಗಳಲ್ಲಿ "ಮಾಡೆಲ್ 1894" ಅಂತ ಪೂರ್ತಿ ಇರುತ್ತದೆ. ಮೊದಲನೇ ಮಹಾಯುದ್ಧ ಮುಗಿದ ಹೊತ್ತಿಗೆ ಅದು ಬರೀ "ಮಾಡೆಲ್ 94" ಆಯಿತು. ಗೆಳತಿಯ ಕೋವಿಯ ಮೇಲಿದ್ದದ್ದು 94.

ಮೂರನೆಯದು ನಂಬರು. ಇಷ್ಟನೇ ನಂಬರು ಇಂಥ ವರ್ಷ ಅಂತ ವಿಂಚೆಸ್ಟರ್‌ಗೆ ಪಟ್ಟಿಗಳಿವೆ. ತುಂಬಾ ಹಳೆಯ ನಂಬರುಗಳ ಕಾರ್ಖಾನೆಯ ಕೈಬರಹದ ಪುಸ್ತಕಗಳನ್ನು ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರಿನ ಮ್ಯೂಸಿಯಂ ಇಟ್ಟುಕೊಂಡಿದೆ, ಕೇಳಿದವರಿಗೆ ನೋಡಿ ಪತ್ರ ಕೊಡುತ್ತದೆ. ಗೆಳತಿಯ ಕೋವಿಯದು ಅಷ್ಟು ಹಳೆಯ ನಂಬರಲ್ಲ, 10 ಲಕ್ಷವನ್ನು ಸ್ವಲ್ಪ ದಾಟಿದ್ದು. ಅದಕ್ಕೆ ಪಟ್ಟಿಯ ಜೊತೆ ಇನ್ನೊಂದು ಸುಲಭದ ಮೈಲಿಗಲ್ಲು ಇದೆ. ಈ ಮಾಡೆಲ್‌ನ 10 ಲಕ್ಷದನೇ ಕೋವಿಯನ್ನು ಕಂಪನಿ 1927ರಲ್ಲಿ ಅಧ್ಯಕ್ಷ ಕೂಲಿಜ್‌ಗೆ ಕಾಣಿಕೆ ಕೊಟ್ಟಿತ್ತು. 15 ಲಕ್ಷದನೆಯದು 1948ರಲ್ಲಿ ಟ್ರೂಮನ್‌ಗೆ, 20 ಲಕ್ಷದನೆಯದು 1953ರಲ್ಲಿ ಐಸೆನ್‌ಹೋವರ್‌ಗೆ. ಹಾಗಾದರೆ ಇವಳ ಅಜ್ಜನ ಕೋವಿ 1927ರ ಆಸುಪಾಸಿನದು.

ಅವಳ ಮುಖ ಸಪ್ಪಗಾಯಿತು. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುಡುತ್ತಿದ್ದಾಗ ಅಜ್ಜ ಇದೇ ಕೋವಿ ಹಿಡಿದು ಬೀದಿ ಕಾದಿದ್ದರು ಅಂತ ಅವರ ಮನೆಯ ಕಥೆಯಂತೆ. ಕೋವಿ ಹುಟ್ಟಿದ್ದು ಅದಕ್ಕಿಂತ 21 ವರ್ಷ ಆಮೇಲೆ!

ವರ್ಷ ತಿಳಿದಿದ್ದಕ್ಕೆ ಬೇರೆ ಪರಿಣಾಮವೂ ಇತ್ತು. ಅಮೆರಿಕದ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ಮಾಡಿದ ಕೋವಿ ಪುರಾತನ ವಸ್ತು. 1899ರಿಂದ ಈಚೆಯದಾದರೆ ಅದು ಬಂದೂಕು, ಅದರ ಕಾನೂನು ಪೂರ್ತಿ ಅನ್ವಯ. ಗೆಳತಿ ಇದು ಪುರಾತನ ವಸ್ತು ಅಂದುಕೊಂಡು ಮಗನಿಗೆ ಸುಮ್ಮನೆ ಕೊಟ್ಟುಬಿಡುವವಳಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ತಾಯಿ ಮಗನಿಗೆ ಕೊಟ್ಟರೂ ಪಡೆಯುವವನಿಗೆ ಸುರಕ್ಷತೆಯ ಸರ್ಟಿಫಿಕೇಟ್ ಇರಬೇಕು, 30 ದಿನದೊಳಗೆ ರಾಜ್ಯಕ್ಕೆ ವರದಿ ಕೊಡಬೇಕು. ಈಗ ಕ್ರಮವಾಗಿ ಮಾಡುತ್ತಿದ್ದಾಳೆ.

ಅವತ್ತೇ ಸಂಜೆ ಅವಳು ನನ್ನನ್ನು ಸ್ಯಾನ್ ಹೋಸೆಯ ವಿಂಚೆಸ್ಟರ್ ಮನೆಗೆ ಕರೆದುಕೊಂಡು ಹೋದಳು. ಈ ಕಡೆ ಬಂದ ನಮ್ಮೂರಿನವರೆಲ್ಲ ಟಿಕೆಟ್ ತಗೊಂಡು ನೋಡುವ ಜಾಗ. ಆಲಿವರ್‌ನ ಸೊಸೆ ಸಾರಾ ವಿಂಚೆಸ್ಟರ್ ಕಟ್ಟಿಸಿದ ಮನೆ, ಸುಮಾರು 160 ಕೋಣೆ. ಅವಳ ಒಂದೇ ಮಗು 1866ರಲ್ಲಿ ಕೂಸಾಗಿದ್ದಾಗಲೇ ಹೋಯಿತು. ಗಂಡ 1881ರಲ್ಲಿ ಕ್ಷಯದಿಂದ ಸತ್ತ. ಆಮೇಲೆ ಅವಳು ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದು ತೋಟದ ಮನೆ ಕೊಂಡು ಬೆಳೆಸುತ್ತಾ ಹೋದಳು. ವಿಂಚೆಸ್ಟರ್ ಕೋವಿಯಿಂದ ಸತ್ತವರ ಪ್ರೇತಗಳಿಗೆ ಹೆದರಿ ಹಗಲು ರಾತ್ರಿ, 38 ವರ್ಷ, ನಿಲ್ಲಿಸದೆ ಕಟ್ಟಿಸಿದಳು ಅಂತ ಎಲ್ಲರೂ ಹೇಳುವ ಕಥೆ.

ಮೇರಿ ಜೊ ಇಗ್ನೋಫೋ ಎಂಬ ಇತಿಹಾಸಕಾರ್ತಿ 2010ರಲ್ಲಿ ಸಾರಾಳ ಜೀವನಚರಿತ್ರೆ ಬರೆದರು. ಅವಳ ಪತ್ರ, ಲೆಕ್ಕ ಎಲ್ಲ ನೋಡಿದವರು. ಅವರ ಪ್ರಕಾರ ಪ್ರೇತದ ಕಥೆಗೆ ಆಧಾರವಿಲ್ಲ. 1906ರ ಭೂಕಂಪದಲ್ಲಿ ಮನೆಯ ಮೇಲಿನ ಅಂತಸ್ತುಗಳು ಕುಸಿದ ಮೇಲೆ ಅವಳು ಅಲ್ಲಿ ಹೆಚ್ಚಿಗೆ ಕಟ್ಟಿಸಲೂ ಇಲ್ಲ, ಬೇರೆ ಮನೆಗಳಲ್ಲಿ ಇದ್ದಳು. 1922ರಲ್ಲಿ ಅವಳು ಸತ್ತಳು, ಮರುವರ್ಷವೇ ಮನೆ ಪ್ರವಾಸಿಗರಿಗೆ ತೆರೆಯಿತು. ಕಥೆ ಇದ್ದರಲ್ಲವೇ ಟಿಕೆಟ್ ಹೋಗುವುದು? ನನಗೆ ಮನಸ್ಸಿಗೆ ತಟ್ಟಿದ್ದು ಬೇರೆ. ಗಂಡನ ಹೆಸರಿನಲ್ಲಿ ಅವಳು ತನ್ನೂರಿನ ಕಡೆ ಕ್ಷಯರೋಗಿಗಳಿಗಾಗಿ ಆಸ್ಪತ್ರೆಗೆ ದುಡ್ಡು ಕೊಟ್ಟಳು. ಕೋವಿಯ ದುಡ್ಡಿನಲ್ಲಿ ಎಷ್ಟೋ ಜನ ನರ್ಸುಗಳು ಎಷ್ಟೋ ಜನರ ಎದೆ ತಟ್ಟಿ ಕಫ ತೆಗೆದಿರಬೇಕು. ಗೈಡ್ ಇದನ್ನು ಹೇಳಿದ ನೆನಪಿಲ್ಲ. ಬಾಗಿಲು ತೆರೆದರೆ ಗೋಡೆ, ಹತ್ತಿದರೆ ಸೂರಿಗೆ ಮುಟ್ಟುವ ಮೆಟ್ಟಿಲು, ಅದನ್ನೇ ತೋರಿಸಿದಳು.

ಮನೆಗೆ ಬರುವಾಗ ದಾರಿಯಲ್ಲಿ ನನಗೆ ನಮ್ಮ ಮುತ್ತಜ್ಜನ ಹುಲಿ ನೆನಪಾಯಿತು. ಸಣ್ಣಗೆ ಹೆದರಿಕೆಯೂ ಆಯಿತು.

ಕಂತು 4: ಬರ್ಮಿಂಗ್‌ಹ್ಯಾಮ್‌ನ ಕಿರೀಟ

ಈಗ ನಮ್ಮ ಕೋವಿಗೆ ಬರೋಣ.

ಅಣ್ಣನಿಗೆ ಹೇಳಿದೆ: "ತೋಟೆ ಇಲ್ಲ ಅಂತ ನೋಡು. ಬೋಲ್ಟ್ ತೆಗೆ. ಇನ್ನು ಉಜ್ಜಬೇಡ, ಮೆತ್ತನೆಯ ಬಟ್ಟೆಯಲ್ಲಿ ಸ್ವಲ್ಪ ಎಣ್ಣೆ ಸಾಕು. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿ, ಮೇಲಿನಿಂದ ಬೇಡ." ಅಡ್ಡ ಬೆಳಕಿನಲ್ಲಿ ಸವೆದ ಅಕ್ಷರಕ್ಕೂ ನೆರಳು ಬೀಳುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ತಿಕ್ಕಲು ಹೇಳಿದೆ, ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ.

ಮೊದಲು ನಂಬರು ಬಗೆಹರಿಯಿತು. ಬೋಲ್ಟಿನ ಮೇಲೂ ಅದೇ ನಂಬರು ಇರುತ್ತದೆ, ಹಿಡಿಕೆಯ ಹತ್ತಿರ. ಅಲ್ಲಿಗೆ ನಮ್ಮ ಉಪ್ಪುಕಾಗದ ಹೋಗಿರಲಿಲ್ಲ. ಸ್ಪಷ್ಟವಾಗಿ 3. ಪೆನ್ಸಿಲ್ ಅಚ್ಚಿನಲ್ಲೂ 3. ಹಳೇ ಕಾಗದದಲ್ಲಿ ಯಾರೋ 8 ಅಂತ ಓದಿ ಬರೆದುಬಿಟ್ಟಿದ್ದಾರೆ. ಎರಡು ಗುರುತು ಕೇಳುವ ನಿಯಮ ಇಲ್ಲೇ ಸಾರ್ಥಕವಾಯಿತು.

ಇನ್ನು ಕಂಪನಿ. ಮೂರು ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿಹ್ನೆ. ಚಿಕ್ಕವರಿದ್ದಾಗ ನಾವು ಅದನ್ನು ಕಂಬಳದ ಧ್ವಜವೇನೋ ಅಂದುಕೊಂಡಿದ್ದೆವು. ಅದು ಬಿ.ಎಸ್.ಎ., ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಹೌದು, ಅಜ್ಜನ ಕಾಲದ ಬಿ.ಎಸ್.ಎ. ಸೈಕಲ್ಲು, ಮೋಟಾರು ಸೈಕಲ್ಲು ಅವರದ್ದೇ. ಬರ್ಮಿಂಗ್‌ಹ್ಯಾಮ್‌ನ ಕೋವಿ ಕಸುಬಿನವರು ಸೇರಿ ಈ ಕಂಪನಿ ಕಟ್ಟಿದ ವರ್ಷ 1861. ಕೊಡಗಿಗೆ ವಿನಾಯಿತಿ ಸಿಕ್ಕ ಅದೇ ವರ್ಷ!

ಬೋರು .315. ಇದರ ಹಿಂದೆ ಒಂದು ರಾಜಕೀಯ ಇದೆ. ಬ್ರಿಟಿಷ್ ಸೇನೆಯ ರೈಫಲ್ .303. ಸೇನೆಯ ತೋಟೆ ಕಳುವಾಗಿ ಜನರ ಕೋವಿಗೆ ಸೇರಬಾರದು ಅಂತ ಇಂಡಿಯಾದಲ್ಲಿ ಸಾಮಾನ್ಯರಿಗೆ ಆ ಬೋರು ಕೊಡುತ್ತಿರಲಿಲ್ಲ. ಹಾಗಾಗಿ ಅದೇ ಲೀ ಮಾದರಿಯ ಬೋಲ್ಟ್ ರೈಫಲನ್ನೇ ಬೇರೆ ತೋಟೆಗೆ ಹೊಂದಿಸಿ ಇಂಡಿಯಾಕ್ಕೆ ಮಾರಿದರು, ಅದೇ .315. ಇದೇ ಭಯದಿಂದ 1907ರ ಸುಮಾರಿಗೆ .450 ಬೋರಿನ ದೊಡ್ಡ ಕೋವಿಗಳನ್ನೂ ಇಂಡಿಯಾದಲ್ಲಿ ನಿಲ್ಲಿಸಿದರು. ಆನೆ, ಕಾಟಿ ಹೊಡೆಯುವ ದೊರೆಗಳಿಗಾಗಿ ಕಂಪನಿಗಳು .465, .470 ಅಂತ ಹೊಸ ಬೋರು ಹುಟ್ಟಿಸಿದವು. ಸ್ವಾತಂತ್ರ್ಯದ ನಂತರವೂ ಬಂಗಾಳದ ಇಶಾಪುರದ ಸರಕಾರಿ ಕಾರ್ಖಾನೆ .315 ರೈಫಲ್ ಮಾಡುತ್ತಲೇ ಬಂದಿದೆ. ರಾಜ ಹೋದರೂ ಅವನ ಭಯದ ಅಳತೆ ನಮ್ಮಲ್ಲಿ ಉಳಿದುಕೊಂಡಿತು.

ಈಗ ವರ್ಷ. ಇಂಗ್ಲೆಂಡಿನಲ್ಲಿ ಮಾರುವ ಪ್ರತಿಯೊಂದು ನಳಿಗೆಗೂ ಪರೀಕ್ಷೆ ಕಡ್ಡಾಯ. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುತ್ತಾರೆ. ಸೀಳದೆ ಉಳಿದರೆ ಮುದ್ರೆ ಒತ್ತುತ್ತಾರೆ. ಲಂಡನ್ನಿನಲ್ಲಿ ಒಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಒಂದು, ಎರಡು ಪರೀಕ್ಷಾ ಮನೆಗಳು. ಈ ಮುದ್ರೆಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 1904ರವರೆಗೆ ಅಡ್ಡಡ್ಡ ಇಟ್ಟ ರಾಜದಂಡಗಳ ಮುದ್ರೆ. 1904ರಿಂದ ಕಿರೀಟದ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂಬ ಅಕ್ಷರಗಳು. ಎನ್.ಪಿ. ಅಂದರೆ ಹೊಗೆಯಿಲ್ಲದ ಹೊಸ ಮದ್ದಿಗೂ ತಾಳುತ್ತದೆ ಅಂತ. 1954ರಿಂದ ಅದು ಬಿ.ಎನ್.ಪಿ. ಆಯಿತು. ನಮ್ಮ ಕೋವಿಯಲ್ಲಿ ಕಿರೀಟದ ಕೆಳಗೆ ಎನ್.ಪಿ. ಇದೆ. ಅಲ್ಲಿಗೆ 1904ಕ್ಕೂ 1954ಕ್ಕೂ ನಡುವೆ ಅಂತಾಯಿತು. ಮುತ್ತಜ್ಜನ 1911 ಅದರೊಳಗೇ ಬರುತ್ತದೆ. ನಾನು ಉಸಿರು ಬಿಟ್ಟೆ.

ಆಮೇಲೆ ಅಣ್ಣ ಇನ್ನೊಂದು ಫೋಟೊ ಕಳಿಸಿದ. ಮುದ್ರೆಗಳ ಪಕ್ಕದಲ್ಲಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಒಂದು ವೃತ್ತ. ಒಳಗೆ ಇಂಗ್ಲಿಷಿನ ಇ ಅಕ್ಷರ, ಜೊತೆಗೊಂದು ಅಂಕೆ.

ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮನೆ 1921ರ ಜುಲೈಯಿಂದ ವರ್ಷಕ್ಕೊಂದು ಅಕ್ಷರ ಇಟ್ಟುಕೊಂಡಿತು. 1921ರ ಜುಲೈಯಿಂದ ಎ, ಮುಂದಿನ ಜುಲೈಯಿಂದ ಬಿ, ಹೀಗೆ. ಅಂಕೆ ಪರೀಕ್ಷೆ ಮಾಡಿದವನ ಗುರುತು. ಎಣಿಸಿ ನೋಡಿ. ಎ, ಬಿ, ಸಿ, ಡಿ, ಇ. ಕಿಂಡರ್‌ಗಾರ್ಟನ್ ಮಗುವೂ ಮಾಡುವ ಲೆಕ್ಕ. ನಾನು ನಾಲ್ಕು ಸಲ ಬೆರಳು ಮಡಚಿದೆ. 1925ರ ಜುಲೈಯಿಂದ 1926ರ ಜೂನ್‌ವರೆಗೆ.

ಮುತ್ತಜ್ಜ ತೀರಿಕೊಂಡಿದ್ದು 1918ರಲ್ಲಿ, ಆ ದೊಡ್ಡ ಜ್ವರದಲ್ಲಿ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದ ಇನ್‌ಫ್ಲುಯೆಂಜ ಅದು. ಜಮ್ಮಾ ಭೂಮಿಯ ಕಾಗದದಲ್ಲಿ 1919ರಲ್ಲಿ ಹೆಸರು ಬದಲಾಗಿದ್ದು ನಮ್ಮ ಪೆಟ್ಟಿಗೆಯಲ್ಲೇ ಇದೆ. ಅವರು ಸತ್ತು ಏಳು ವರ್ಷಕ್ಕೆ ಈ ಕೋವಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಈಡು ಹಾರಿಸಿತು. ಅವರು ಇದನ್ನು ಮುಟ್ಟಿಯೇ ಇಲ್ಲ.

ಕಂತು 5: ಅತ್ತೆ ಹೇಳಿದ್ದು

ಎರಡು ದಿನ ಅಣ್ಣನಿಗೆ ಹೇಳಲಿಲ್ಲ. ಹೇಳದೆ ಇರಬಹುದಿತ್ತು. ಅರ್ಜಿಗೆ ಬೇಕಾದದ್ದು ಕಂಪನಿ, ಬೋರು, ನಂಬರು ಮಾತ್ರ, ವರ್ಷ ಬೇಡ. ಕೆಳಗಿನ ಮನೆಯವರಿಗೆ ವೃತ್ತದೊಳಗಿನ ಅಕ್ಷರ ಓದಲು ಬರುವುದಿಲ್ಲ. ಆದರೆ ಚಾರ್ಟಿನಲ್ಲಿ ತಪ್ಪು ಅಂತ ಗೊತ್ತಿದ್ದೂ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಹೇಳಿದೆ. ಅಣ್ಣ "ಮನೆ ಮಗಳಾಗಿ ಮನೆಯ ಮಾತನ್ನೇ ಸುಳ್ಳು ಮಾಡಿದೆ" ಅಂದು ಎರಡು ವಾರ ಫೋನು ಎತ್ತಲಿಲ್ಲ.

ಕೊನೆಗೆ ದೊಡ್ಡತ್ತೆಗೆ ಫೋನು ಮಾಡಿದೆ. ಅವರಿಗೀಗ ಎಂಬತ್ತೈದು ದಾಟಿದೆ. ಚಿಕ್ಕವರಿದ್ದಾಗ ಮುತ್ತಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದವರು. ಎಲ್ಲ ಕೇಳಿ, "ಅದಕ್ಯಾಕೆ ಅಷ್ಟು ದೂರದ ಪುಸ್ತಕ ನೋಡಿದೆ, ನನ್ನ ಕೇಳಿದ್ದರೆ ಹೇಳ್ತಿದ್ದೆ" ಅಂತ ನಕ್ಕರು.

ದೊರೆ ಕೋವಿ ಕೊಟ್ಟದ್ದು ಹೌದಂತೆ. ಆದರೆ ಅದು ಕೇಪಿನ ಕೋವಿ, ಬಾಯಿಂದ ಮದ್ದು ತುಂಬುವಂಥದ್ದು. ಒಂದು ಮಳೆಗಾಲ ಹೊಳೆ ದಾಟುವಾಗ ದೋಣಿ ಮಗುಚಿ ಹೋಯಿತಂತೆ. ಹುಲಿಯ ವಿಷಯ ಕೇಳಿದೆ. "ಹುಲಿಯೋ ಹಂದಿಯೋ ಯಾರಿಗೆ ಗೊತ್ತು ಮಗಾ" ಅಂದರು.

ಈಗಿರುವ ರೈಫಲನ್ನು ತಂದಿದ್ದು ಚಿಕ್ಕ ಮುತ್ತಜ್ಜ, ಅಂದರೆ ಕೆಳಗಿನ ಮನೆಯ ಹಿರಿಯರು. ಎರಡು ವರ್ಷದ ಏಲಕ್ಕಿ ಮಾರಿದ ದುಡ್ಡಿನಲ್ಲಿ. ತಂದವರು ತಮ್ಮ ಮನೆಯಲ್ಲಿ ಇಡಲಿಲ್ಲ. "ಅಣ್ಣನ ಮನೆಯಲ್ಲಿ ಗಂಡಸು ದಿಕ್ಕಿಲ್ಲ, ಸಣ್ಣ ಮಕ್ಕಳು, ಕೋವಿ ಅಲ್ಲೇ ಇರಲಿ" ಅಂತ ತಂದು ಮುತ್ತಜ್ಜಿಯ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುಹಾಕಿದರಂತೆ. ಅಜ್ಜನಿಗೆ ಆಗ ಏಳೋ ಎಂಟೋ. "ಇದು ಯಾರದವ್ವ?" ಅಂತ ಕೇಳಿದಾಗ ಮುತ್ತಜ್ಜಿ ಹೇಳಿದ್ದು: "ನಿನ್ನಪ್ಪನದು." ತಂದೆಯ ಮುಖ ನೆನಪಿಲ್ಲದ ಹುಡುಗನಿಗೆ ಗೋಡೆಯ ಮೇಲೆ ಕೈ ತೋರಿಸಲು ಏನಾದರೂ ಬೇಕಿತ್ತು. ಅಜ್ಜ ಅದನ್ನು ನಂಬಿದರು. ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ ನಮಗೆ ಹೇಳಿದರು. ಯಾರೂ ಸುಳ್ಳು ಹೇಳಲಿಲ್ಲ, ಮೊದಲ ಒಬ್ಬಳನ್ನು ಬಿಟ್ಟು. ಅವಳನ್ನು ಸುಳ್ಳುಗಾರ್ತಿ ಅನ್ನಲು ನನಗೆ ನಾಲಗೆ ಬರುವುದಿಲ್ಲ.

ಅತ್ತೆ ಹೇಳಿದ್ದನ್ನು ರೆಕಾರ್ಡ್ ಮಾಡಿ ಅಣ್ಣನಿಗೆ ಕಳಿಸಿದೆ. ಈ ಸಲ ಅವನೇ ಫೋನು ಮಾಡಿದ. ಅದೇ ಸಂಜೆ ಕೆಳಗಿನ ಮನೆಗೆ ಹೋಗಿ ಅವರಿಗೂ ಕೇಳಿಸಿದ. ಕೋವಿಯ ಕಾಗದ ಅಣ್ಣನ ಹೆಸರಿನಲ್ಲೇ ಆಗಲಿ ಅಂತ ಅವರೇ ಹೇಳಿದರಂತೆ, "ನಮ್ಮ ಅಜ್ಜ ಇಟ್ಟ ಜಾಗದಲ್ಲೇ ಇರಲಿ" ಅಂತ. ಅಣ್ಣ ಒಂದು ಮಾತು ಕೊಟ್ಟು ಬಂದ: ಮುಂದಿನ ಕೈಲ್‌ಮುಹೂರ್ತಕ್ಕೆ, ಸೆಪ್ಟೆಂಬರ್ 3ಕ್ಕೆ, ತೆಂಗಿನಕಾಯಿಗೆ ಮೊದಲ ಗುರಿ ಕೆಳಗಿನ ಮನೆಯವರದು.

ನಿಮ್ಮ ಮನೆಗಳಲ್ಲೂ ಹಳೇ ಕೋವಿ ಇದ್ದರೆ ನನ್ನ ಅನುಭವದ ನಾಲ್ಕು ಮಾತು. ಕೈಗೆತ್ತಿಕೊಂಡ ತಕ್ಷಣ ತೋಟೆ ಇಲ್ಲ ಅಂತ ನೋಡಿ, ಇಬ್ಬರು ನೋಡಿ. ಗುರುತಿರುವ ಜಾಗಕ್ಕೆ ಉಪ್ಪುಕಾಗದ, ಹುಳಿ, ಬೂದಿ ಬೇಡ. ನಳಿಗೆ, ಬೋಲ್ಟ್, ಬುಡ ಎಲ್ಲದರ ಮೇಲಿನ ಅಕ್ಷರ, ಅಂಕೆ, ಮುದ್ರೆಗಳ ಫೋಟೊ ತೆಗೆದು ಕಾಗದದ ಜೊತೆ ತಾಳೆ ನೋಡಿ. ಆ ಫೋಟೊವನ್ನು ಪೂರ್ತಿ ನಂಬರು ಕಾಣುವಂತೆ ಇಲ್ಲಿ ಹಾಕಬೇಡಿ. ತುಂಬಾ ಹಳೆಯ ಕೋವಿಗೆ ಹೊಸ ತೋಟೆ ಹಾಕುವ ಮೊದಲು ತಿಳಿದವರಿಗೆ ತೋರಿಸಿ, ಹೊಗೆಮದ್ದಿನ ಕಾಲದ ನಳಿಗೆ ಹೊಸ ಮದ್ದಿಗೆ ಸೀಳಬಹುದು. ಕೈ ಹೋದವರನ್ನು ನಾನು ನೋಡಿದ್ದೇನೆ.

ಇನ್ನೂ ಒಂದಿದೆ. ಮುದ್ರೆ ಓದಿದ ಮೇಲೆ ಮನೆಯ ಹಿರಿಯರನ್ನೂ ಕೇಳಿ. ನಾನು ಉಲ್ಟಾ ಮಾಡಿದೆ ಅಂತ ಅತ್ತೆ ಬೈದರು. ಆದರೆ ಮುದ್ರೆ ಓದದೆ ಹೋಗಿದ್ದರೆ ಅತ್ತೆಯನ್ನು ಏನಂತ ಕೇಳಬೇಕು ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ. ಕಬ್ಬಿಣ ಹೇಳಿದ್ದು 1925. ಯಾರು ತಂದರು, ಯಾಕೆ ಇಲ್ಲಿ ಇಟ್ಟರು ಎಂಬುದನ್ನು ಹೇಳಲು ಅತ್ತೆಯೇ ಬೇಕಾಯಿತು.

ಸೆಪ್ಟೆಂಬರಿಗೆ ರಜೆ ಹಾಕಿದ್ದೇನೆ. ಸಿಕ್ಕರೆ ಬರುತ್ತೇನೆ. ಯಾರೂ ಅಲ್ಲಿಯವರೆಗೆ ಕೋವಿ ಉಜ್ಜಬೇಡಿ.